ಐದು ಚಿಟಿಕೆ ಅಕ್ಕಿ

“ಇಳಿ ಅಜ್ಜಿ, ಈಗ ನಿಂದು ಎಂಟ್ರಿ ಸೀನ್,” ಎಂದು ಕಲ್ಲಿನಾಥ ಕಾರಿನ ಬಾಗಿಲು ತೆಗೆದು ಮೊಬೈಲನ್ನು ಗುರುಬಾಯಿಯ ಮುಖಕ್ಕೆ ಹಿಡಿದ. ಸೊನ್ನದ ಬ್ಯಾರೇಜಿನಲ್ಲಿ ನೀರು ಬಿಟ್ಟಿದ್ದಾರೆ, ನೋಡಿಕೊಂಡು ಬರೋಣ ಎಂದು ಅಜ್ಜ, ಅಜ್ಜಿಯನ್ನು ಅಫಜಲಪುರದಿಂದ ಹೊರಡಿಸಿದ್ದ ಮೊಮ್ಮಗ, ಸೊನ್ನ ಬಂದರೂ ನಿಲ್ಲಿಸದೆ ಹೊಳೆ ದಾಟಿ ಜೇವರ್ಗಿ ಕಡೆಯ ಹಳ್ಳಿಯೊಂದಕ್ಕೆ ತಂದು ನಿಲ್ಲಿಸಿದ್ದ. ಎದುರಿಗೆ ಕರಿಕಲ್ಲಿನ ವಾಡೆ. ಗುರುಬಾಯಿ ಹುಟ್ಟಿದ ಮನೆ.

ಆಕೆ ಕೂತಲ್ಲಿಂದಲೇ ನೋಡಿದಳು. ಅಣ್ಣ ತೀರಿದ ಮೇಲೆ ಅಣ್ಣನ ಮಗ ವಿಶ್ವಾರಾಧ್ಯ ವರ್ಷವರ್ಷವೂ, ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿಗೆ ಮುಂಚೆ, ಫೋನು ಮಾಡುತ್ತಿದ್ದ. ಮಾಳಿಗೆ ಕುಸಿದಿದೆ, ಗೋಡೆಯಲ್ಲಿ ಹಾವು ಸೇರಿವೆ, ಈ ವರ್ಷ ಬರುವುದು ಬೇಡ ಎನ್ನುತ್ತಿದ್ದ. ನಾಗರ ಪಂಚಮಿಗೆ ಹಾವಿನ ನೆಪ. ಗುರುಬಾಯಿ ನಂಬಿದ್ದಳು. ಬೀಳದ ಒಂದೊಂದು ತೊಲೆಗೂ ಅತ್ತಿದ್ದಳು. ಈಗ ಸಾಗವಾನಿ ಬಾಗಿಲಿಗೆ ಹೊಸ ಪಾಲಿಶ್, ಕಮಾನಿಗೆ ದೀಪದ ಸರ, ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ. ಅದರ ಮೇಲೆ ಕರಿ ಕನ್ನಡಕದ ಇಬ್ಬರು ಹುಡುಗಿಯರು ಜೀಕುತ್ತ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಕಲ್ಲಿನಾಥನಿಗೆ ಈ ಕಥೆಯ ಅರ್ಧ ಮಾತ್ರ ಗೊತ್ತಿತ್ತು. ರೀಲ್ಸಿನಲ್ಲಿ ವಾಡೆ ಕಂಡಿತ್ತು, ಹಬ್ಬಕ್ಕೆ ಬಂದು ಉಳಿಯುವ ಪ್ರವಾಸಿಗರಿಗೆ ಟಿಕೆಟ್ ಇದೆ ಎಂದೂ ಇತ್ತು. ವಿಶ್ವಾರಾಧ್ಯ ಕಾಕಾ ರಿಪೇರಿ ಮಾಡಿಸಿದ್ದಾನೆ, ಅಜ್ಜಿಗೆ ಸುದ್ದಿಯೇ ಇಲ್ಲ ಎಂದುಕೊಂಡು ಗೆಳೆಯ ಹಫೀಜನ ಹೆಸರಿನಲ್ಲಿ ಮೂರು ಟಿಕೆಟ್ ಬುಕ್ ಮಾಡಿದ್ದ. ಒಂದೇ ಕಲ್ಲಿಗೆ ಅಜ್ಜಿಗೂ ಕಾಕಾನಿಗೂ ಶಾಕ್ ಕೊಡುವ ಪ್ಲಾನು. ಹೆಂಡತಿಯ ಮುಖ ನೋಡಿದ ದೌಲತರಾಯ, ಗಾಡಿ ತಿರುಗಿಸು ಎಂದು ಇಳಿದು ಬಂದು ಮೊಮ್ಮಗನ ತೋಳು ಚಿವುಟಿದರು. ಅಷ್ಟರಲ್ಲಿ ಗುರುಬಾಯಿ ಇಳಿದಾಗಿತ್ತು.

ಬಾಗಿಲಲ್ಲಿ ಇಳಕಲ್ ಸೀರೆ ಉಟ್ಟ ಕೆಲಸದ ಹುಡುಗಿ ಸೋಲಾಪುರದಿಂದ ಬಂದಿದ್ದ ಹೆಂಗಸೊಬ್ಬಳಿಗೆ ಉಡಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ, ಎಲ್ಲವೂ ಟಿಕೆಟ್ಟಿನಲ್ಲೇ ಬಂತು. ಉಡಿಯಿಂದ ಐದು ಚಿಟಿಕೆ ಅಕ್ಕಿ ತಿರುಗಿ ಕೊಡಬೇಕು, ತವರು ತುಂಬಿರಲಿ ಎಂದು ಹರಸಬೇಕು, ಹೆಣ್ಣುಮಕ್ಕಳು ತವರನ್ನು ಬರಿದು ಮಾಡಿ ಹೋಗಬಾರದು ಎಂದು ಹುಡುಗಿ ಪಾಠ ಒಪ್ಪಿಸಿದಳು. ಆ ಹೆಂಗಸು ನಗುತ್ತ ಅರ್ಧಂಬರ್ಧ ಅಂದಳು. ಗಂಡ ಫೋಟೋ ತೆಗೆದ.

ಒಳಗಿಂದ ತಲೆಗೆ ಕೇಸರಿ ಪಟಕಾ ಸುತ್ತಿಕೊಂಡ ವಿಶ್ವಾರಾಧ್ಯ ಕೈ ಜೋಡಿಸಿಕೊಂಡೇ ಬಂದ. “ಬರ್ರಿ, ಬರ್ರಿ. ನಿಮ್ಮದ ಮನಿ ಅಂತ ತಿಳ್ಕೊರಿ.” ಆಮೇಲೆ ಅತ್ತೆಯ ಮುಖ ಕಂಡ. ನೆಟ್‌ವರ್ಕ್ ಹೋದ ವಿಡಿಯೋದಂತೆ ಅವನ ನಗು ಅಲ್ಲೇ ನಿಂತಿತು.

“ಅತ್ತಿ, ನೀವ್ಯಾಕ ಬಂದ್ರಿ?”

“ಹಾವ ನೋಡಾಕ,” ಎಂದಳು ಗುರುಬಾಯಿ. “ಎಲ್ಲಿ ಅದಾವ, ತೋರಸು.”

ಗಿರಾಕಿಗಳ ಕಿವಿಗೆ ಬೀಳದಂತೆ ಆಕೆಯನ್ನು ಪಡಸಾಲೆಗೆ ಕರೆದೊಯ್ದ ವಿಶ್ವಾರಾಧ್ಯ ಒಂದೇ ಉಸಿರಿಗೆ ಸಮಜಾಯಿಷಿ ಕೊಟ್ಟ. ಸುಮ್ಮನಿದ್ದರೆ ವಾಡೆ ನಿಜವಾಗಿಯೂ ಬೀಳುತ್ತಿತ್ತು. ಪುಣೆ, ಹೈದರಾಬಾದಿನ ಮಂದಿ ಬರುತ್ತಾರೆ. ಪಂಚಮಿ ಅಂದರೆ ಸೀಜನ್, ಆಗ ಒಂದು ಕೋಣೆ ಖಾಲಿ ಇಡುವುದು ಹೇಗೆ? ಗುರುಬಾಯಿ ಕೇಳುತ್ತಿರಲಿಲ್ಲ. ಮೂಲೆಯ ಕೋಣೆಯ ಮುಂದೆ ನಿಂತಿದ್ದಳು. ಕಲ್ಲಿನಾಥನ ಅಪ್ಪನನ್ನು ಆಕೆ ಹೆತ್ತದ್ದು ಅದೇ ಕೋಣೆಯಲ್ಲಿ. ಬಾಗಿಲ ಮೇಲೆ ಚೆಂದದ ಅಕ್ಷರದ ಬೋರ್ಡಿತ್ತು: ‘ಬಾಣಂತಿ ಕೋಣೆ. ಎಸಿ.’

“ಒಳಗ ಯಾರದಾರ?”

“ಹನಿಮೂನಿಗೆ ಬಂದೋರು,” ಎಂದ ವಿಶ್ವಾರಾಧ್ಯ ನೆಲ ನೋಡುತ್ತ. ಆಮೇಲೆ ಏನಾದರೂ ಮಾಡಬೇಕೆನ್ನಿಸಿ, “ಟಿಕೆಟಿನ ರೊಕ್ಕ ತಿರುಗಿ ಕೊಡಸ್ತೇನಿ, ಅತ್ತಿ. ಮೊದಲ ಹೇಳಿದ್ರ ಡಿಸ್ಕೌಂಟರೆ ಮಾಡ್ತಿದ್ದೆ,” ಎಂದ.

ಕಲ್ಲಿನಾಥ ಮೊಬೈಲು ಕೆಳಗಿಳಿಸಿದ. ಕಾಕಾನ ಪಟಕಾ ಹಿಡಿದು ಎಳೆಯಬೇಕು ಅನ್ನಿಸಿತು. ಅಜ್ಜ ರಟ್ಟೆ ಹಿಡಿದುಕೊಂಡಿದ್ದರು.

“ರೊಕ್ಕ ಇರ್ಲಿ,” ಎಂದಳು ಗುರುಬಾಯಿ. “ಟಿಕೆಟಿನ್ಯಾಗ ಉಡಿ ಅದ ಅಲ್ಲಾ? ತುಂಬಸು.”

ಅತ್ತೆಯ ಸಿಟ್ಟು ಇಳಿಯಿತು ಎಂದುಕೊಂಡ ವಿಶ್ವಾರಾಧ್ಯನಿಗೆ ಜೀವ ಬಂದಂತಾಯಿತು. ಸಾದಾ ಕಣ ಬೇಡ, ರೇಷ್ಮೆಯದು ತಾ ಎಂದು ಹುಡುಗಿಯನ್ನು ಓಡಿಸಿದ. ಇವರು ಈ ಮನೆಯ ಮಗಳು ಎಂದು ಗಿರಾಕಿಗಳಿಗೂ ಸಾರಿದ. ಮೊಬೈಲುಗಳು ಮೇಲೆದ್ದವು. ಹೊಸ್ತಿಲ ಹತ್ತಿರ ಗುರುಬಾಯಿ ಸೆರಗು ಒಡ್ಡಿದಳು. ಹುಡುಗಿ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು, ಕಣ ಇಟ್ಟು ಹಿಂದೆ ಸರಿದಳು. ತೀರಿಹೋದ ಅಪ್ಪನ ಜಾಗದಲ್ಲಿ ತಾನೇ ನಿಂತ ವಿಶ್ವಾರಾಧ್ಯ ಪಟಕಾ ಬಾಗಿಸಿ, ಐದು ಚಿಟಿಕೆಗಾಗಿ ಬೊಗಸೆ ಒಡ್ಡಿದ.

ಗುರುಬಾಯಿ ಸೆರಗನ್ನು ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು ಬಿಗಿದಳು.

“ಅದು ತವರಿಗೆ ಕೊಡೂದು, ವಿಶ್ವಾ. ರೊಕ್ಕ ಕೊಟ್ಟ ಉಂಡ ಖಾನಾವಳಿಗೆ ತುಂಬಿರು ಅಂತ ಯಾರರೆ ಹರಸ್ತಾರೇನು?”

ಹೊಸ್ತಿಲಿಗೆ ಬೆನ್ನು ಹಾಕಿ ಮೊಮ್ಮಗನಿಗೆ, “ನಡೀಲೇ, ಸೊನ್ನಕ್ಕ. ನೀರ ತೋರಸ್ತೇನಿ ಅಂತ ಕರ್ಕೊಂಡು ಬಂದೀದಿ, ನೀರ ತೋರಸು,” ಎಂದಳು. ಜೋಕಾಲಿಯ ಪಕ್ಕದಲ್ಲೇ ಹಾದು ಹೋದಳು, ತಿರುಗಿ ನೋಡಲಿಲ್ಲ.

ವಿಶ್ವಾರಾಧ್ಯನ ಬೊಗಸೆ ಹಾಗೇ ಚಾಚಿಕೊಂಡಿತ್ತು. ಸೋಲಾಪುರದ ಹೆಂಗಸಿನ ಗಂಡ, ಇದೂ ವಾಡೆಯ ಪದ್ಧತಿಯೇ ಇರಬೇಕೆಂದುಕೊಂಡು, ಅದರಲ್ಲಿ ಹತ್ತು ರೂಪಾಯಿಯ ನೋಟು ಇಟ್ಟ.