ಪುಸ್ತಕದಲ್ಲಿಲ್ಲದ ಗುಡ್ಡ

ಹೈಸ್ಕೂಲಿನಲ್ಲಿ ಪಾಠವಾಗಿದ್ದ ಯುದ್ಧದ ಕಾದಂಬರಿಯನ್ನು ಸುಬೇದಾರ್ ಪುಟ್ಟಮಾದಪ್ಪ ನಿವೃತ್ತನಾದ ಮೇಲೆ ಮತ್ತೆ ಓದಿದ. ಎರಡೆರಡು ಸಲ ಓದಿ, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಕುಂಟುತ್ತಾ ಆ ಪಾಠ ಮಾಡಿದ್ದ ಮೇಷ್ಟ್ರ ಮನೆಗೇ ಹೋದ.

“ಮೇಷ್ಟ್ರೇ, ಗುಂಡೆಲ್ಲ ಖಾಲಿಯಾದ ಮೇಲೆ ನಾಯಕ ‘ಹಿಂದೆ ನೂರು ಜನ ಬರ್ತಿದ್ದಾರೆ’ ಅಂತ ಕೂಗುತ್ತಾ ಒಬ್ಬನೇ ಗುಡ್ಡ ಹತ್ತುತ್ತಾನೆ, ಶತ್ರುಗಳು ಓಡಿಹೋಗ್ತಾರೆ ಅಂದಿದ್ರಲ್ಲ, ಅದು ಯಾವ ಪುಟದಲ್ಲಿದೆ?”

ಮೇಷ್ಟ್ರು ಬೊಚ್ಚುಬಾಯಿ ಬಿಟ್ಟು ನಕ್ಕರು. “ಎಲ್ಲೂ ಇಲ್ಲ ಕಣಯ್ಯಾ! ಅವತ್ತು ಸ್ಕೂಲ್ ಇನ್‌ಸ್ಪೆಕ್ಟರು ಬಂದು ಹಿಂದಿನ ಬೆಂಚಲ್ಲಿ ಕೂತುಬಿಟ್ರು. ನಾನೋ, ಪುಸ್ತಕ ಓದೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಬರಿಗೈಲಿ ಯಾವ ದಡ್ಡ ಗುಡ್ಡ ಹತ್ತಾನು?”

ಸುಬೇದಾರ್ ಜೇಬಿನಿಂದ ಪದಕ ತೆಗೆದು ಮೇಷ್ಟ್ರ ಅಂಗೈಯಲ್ಲಿಟ್ಟ.

“ನಾನು ಹತ್ತಿದೆನಲ್ಲ, ಮೇಷ್ಟ್ರೇ! ನೀವು ಹೇಳಿದ ಹಾಗೇ ಓಡಿಹೋದ್ರು.”