ಕೆಂಚನ ಗುರ್

ಕೆಂಚ ತಿನ್ನುತ್ತಿದ್ದ ತಟ್ಟೆಗೆ ಮಹೇಂದ್ರ ಎಡಗೈ ಹಾಕಿ ಮುದ್ದೆ ಎತ್ತಿಕೊಂಡ. ನಾಯಿ ಗುರ್ ಅನ್ನಲಿಲ್ಲ. ಕಿವಿ ಮಡಚಿ ಅಲ್ಲಾಡದೆ ನಿಂತಿತು. "ನೋಡ್ರೀ, ಒಂದೇ ತಿಂಗಳು. ನಾಲ್ಕು ಬಾರಿಸಿ, ಅಂಗಾತ ಕೆಡವಿ ಅದುಮಿ ಹಿಡಿದ್ರೆ ಯಜಮಾನ ಯಾರು ಅಂತ ತಾನಾಗೇ ಗೊತ್ತಾಗುತ್ತೆ," ಎಂದ.

ಪಳಗಿಸಿದ ನಾಯಿಯನ್ನು ತರೀಕೆರೆಯಿಂದ ಇವತ್ತು ಅವನೇ ವಾಪಸ್ ತಂದಿದ್ದ. ಅದನ್ನು ಅವನ ಹತ್ತಿರ ಬಿಟ್ಟುಬಂದಿದ್ದ ಹೊನ್ನೇಶನ ಮುಖ ಅರಳಿತು. "ಮೊದ್ಲು ಪುಟ್ಟಿ ತಟ್ಟೆ ಹತ್ರ ಹೋದ್ರೆ ಸಾಕು, ಗುರ್ ಅಂತಿತ್ತು. ಈಗ ಅವಳನ್ನ ಬಿಡು ಕಣಮ್ಮ, ಆಡ್ಕೊಳ್ಲಿ."

ಅವನ ತಾಯಿ ಶಂಕರಮ್ಮ ಮೊಮ್ಮಗಳ ಕೈ ಬಿಡಲಿಲ್ಲ. ಗುರ್ ಅಂದಾಗಲೆಲ್ಲ ಮಗು ಹಿಂದೆ ಸರಿಯುತ್ತಿತ್ತಲ್ಲ, ಆ ಎಚ್ಚರಿಕೆಯೇ ಒಳ್ಳೆಯದಿತ್ತಲ್ಲವೇ? ಆಕೆಯ ಕಣ್ಣು ಈಗ ನಾಯಿಯ ಮೇಲಿರಲಿಲ್ಲ. ಸಖರಾಯಪಟ್ಟಣದ ಈ ಸುಡುಬಿಸಿಲಲ್ಲಿ ಅಂಗಿಯ ಎಡತೋಳು ಮಡಚಿಕೊಂಡವನು ಬಲತೋಳನ್ನು ಮಾತ್ರ ಯಾಕೆ ಮಣಿಕಟ್ಟಿನವರೆಗೂ ಇಳಿಸಿ ಗುಂಡಿ ಹಾಕಿಕೊಂಡಿದ್ದಾನೆ?

"ಆ ತೋಳೂ ಒಸಿ ಮೇಲಕ್ಕೆ ಮಾಡಪ್ಪ."

"ಅದೇನಿಲ್ಲ ಬಿಡಿ ಅಮ್ಮ."

"ಏನಿಲ್ದಿದ್ರೆ ಮಾಡು."

ಮಹೇಂದ್ರ ಮುದ್ದೆಯನ್ನು ಬಲಗೈಗೆ ಬದಲಿಸಿ, ಗುಂಡಿ ಬಿಚ್ಚಿ ತೋಳು ಮೇಲಕ್ಕೆ ಸರಿಸಿದ. ಮೊಣಕೈ ಕೆಳಗೆ ನಾಲ್ಕು ಹಲ್ಲಿನ ಗುರುತು. ಗಾಯದ ಹಕ್ಕಳೆ ಇನ್ನೂ ಉದುರಿರಲಿಲ್ಲ.

"ಕೆಂಚಂದೇನಾ?"

"ಹೋದ ವಾರ," ಎಂದ, ಹೊನ್ನೇಶನ ಮುಖ ನೋಡದೆ.

"ಕಚ್ಚೋಕ್ ಮುಂಚೆ ಗುರ್ ಅಂದಿತ್ತಾ?"

ಮಹೇಂದ್ರನ ಕೈಯಲ್ಲಿ ಮುದ್ದೆ ಹಾಗೇ ಇತ್ತು. ಕೆಂಚ ಅದನ್ನೇ ನೋಡುತ್ತಿತ್ತು.

"ಇಲ್ಲ. ಅದನ್ನ ಮೊದಲನೇ ವಾರಾನೇ ಬಿಡ್ಸಿದ್ದೆ."