ಮೊದಲ ಸಲಕ್ಕೇ ಪಾಸು

"ಮೂವತ್ತೊಂದು ತಪ್ಪು," ಎಂದರು ಸಂದರ್ಶನಕ್ಕೆ ಕೂತಿದ್ದ ಅಧಿಕಾರಿ. ಕಂಪ್ಯೂಟರಿನಿಂದ ಹೊರಬಂದ ಅಗಲವಾದ ಕಾಗದವನ್ನು ಹರಿದು ಅನಂತರಾಮುವಿನ ಮುಂದಿಟ್ಟರು. "ಎರಡು ಪುಟದ ಪ್ರೋಗ್ರಾಮಿಗೆ ಮೂವತ್ತೊಂದು. ಎಲ್ಲಿ ಕಲಿತಿದ್ದು ನೀವು?"

ಅನಂತರಾಮು ಕಾಗದವನ್ನೇ ನೋಡಿದ. ಸಂಬಳದ ಪಟ್ಟಿ ತಯಾರಿಸುವ ಪ್ರೋಗ್ರಾಮು. ಹೋದ ತಿಂಗಳು ಕ್ಲಾಸಿನಲ್ಲಿ ಇದನ್ನೇ ಬರೆದಿದ್ದ. ಮೊದಲ ಸಲಕ್ಕೇ ಪಾಸಾಗಿತ್ತು.

"ಸಾರ್, ನಿಮ್ಮ ಮೆಷೀನು ಸರಿಯಾಗಿದೆಯಾ?"

ಅಧಿಕಾರಿಗೆ ಸಿಟ್ಟು ಬರಲಿಲ್ಲ. ಕನ್ನಡಕ ತೆಗೆದು ಅವನನ್ನೊಮ್ಮೆ ನೋಡಿದರು. "ವಯಸ್ಸೆಷ್ಟು?"

"ಮೂವತ್ತೆಂಟು."

ಅವರು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.

ಇದು ಐದನೆಯ ಸಂದರ್ಶನ. ಹಿಂದಿನ ನಾಲ್ಕು ಕಡೆ ವಯಸ್ಸು ಕೇಳಿಯೇ ಕಳಿಸಿದ್ದರು. ಕಂಪ್ಯೂಟರಿನ ಮುಂದೆ ಕೂರಿಸಿದ್ದು ಜೆ.ಪಿ. ನಗರದ ಈ ಕಂಪನಿಯವರೇ ಮೊದಲು. ಅನಂತರಾಮು ಆ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು, ಬಸ್ ಸ್ಟಾಪಿನ ಕಡೆ ಬಿರಬಿರನೆ ನಡೆದ.

ಅವನು ಹದಿನಾಲ್ಕು ವರ್ಷ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದವನು. ಎಂಬತ್ತನಾಲ್ಕರಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ತಾನು ತಿಂಗಳಿಡೀ ಬರೆಯುವುದನ್ನು ಅದು ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿದ್ದನ್ನು ಕಣ್ಣಾರೆ ಕಂಡ. ಮುಂದಿನ ವಾರವೇ ರಾಜೀನಾಮೆ ಬರೆದುಕೊಟ್ಟ. ಪಕ್ಕದ ಮೇಜಿನ ಚಿನ್ನಪ್ಪ, "ತಲೆ ಕೆಟ್ಟಿದೆಯೇನೋ ನಿಂಗೆ?" ಎಂದು ಎಲ್ಲರೆದುರಿಗೇ ಬೈದ. ಹೆಂಡತಿ ವಿಮಲಾ ಮಾತ್ರ ಮೂರನೆಯ ದಿನ ಹೇಳಿದಳು: "ನಿಮಗೆ ಧೈರ್ಯ ಇದ್ರೆ ನಂಗೂ ಇದೆ ಬಿಡಿ."

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಸ್ಟೇಷನರಿ ಅಂಗಡಿಯೊಂದರ ಮಹಡಿಯ ಮೇಲೆ ರಾಮಪ್ರಸಾದ ಎಂಬವರು ಕಂಪ್ಯೂಟರ್ ತರಗತಿ ನಡೆಸುತ್ತಿದ್ದರು. ಹನ್ನೆರಡು ವಿದ್ಯಾರ್ಥಿಗಳು. ಆಗಷ್ಟೇ ಕಾಲೇಜು ಮುಗಿಸಿದವರೇ ಹೆಚ್ಚು. ಇವನನ್ನು ಅಂಕಲ್ ಎನ್ನುತ್ತಿದ್ದರು. ಚೌಕಳಿ ಹಾಳೆಯ ಮೇಲೆ ಪ್ರೋಗ್ರಾಮು ಬರೆದು ಮೇಜಿನ ಮೇಲಿನ ಟ್ರೇಯಲ್ಲಿ ಇಟ್ಟು ಹೋದರೆ ಮರುದಿನ ಉತ್ತರ ಬರುತ್ತಿತ್ತು. ಮೆಷೀನ್ ರೂಮಿಗೆ ಯಾರಿಗೂ ಪ್ರವೇಶವಿಲ್ಲ, ಧೂಳು ಹೋದರೆ ಕೆಡುತ್ತದೆ. ಮುಚ್ಚಿದ ಬಾಗಿಲಾಚೆಯಿಂದ ಏರ್ ಕೂಲರಿನ ಗುಂಯ್‌ಗುಡುವಿಕೆ, ಪ್ರಿಂಟರಿನ ಟಕಟಕ. ಆ ಸದ್ದು ಕೇಳಿದರೆ ಸಾಕು, ಅನಂತರಾಮುವಿನ ಮೈ ಜುಮ್ಮೆನ್ನುತ್ತಿತ್ತು.

ಹುಡುಗರ ಕಾಗದಗಳ ತುಂಬ ತಪ್ಪುಗಳ ಪಟ್ಟಿ. ಮೊದಮೊದಲು ಅವನದರಲ್ಲೂ ಇತ್ತು; ಕೆಲವು ತಿಂಗಳಾದ ಮೇಲೆ ಅವನದರಲ್ಲಿ ಮಾತ್ರ ಒಂದೇ ಸಾಲು: ನೋ ಎರರ್ಸ್.

"ಸಖತ್ ಅಂಕಲ್ ನೀವು!" ಎನ್ನುತ್ತಿದ್ದರು ಹುಡುಗರು. ಹದಿನಾಲ್ಕು ವರ್ಷದಲ್ಲಿ ಸ್ಟೋರ್ಸಿನಲ್ಲಿ ಯಾರೂ ಅವನಿಗೆ ಹಾಗೆಂದಿರಲಿಲ್ಲ.

ಕೆಲಸ ಬಿಟ್ಟ ನಾಲ್ಕು ತಿಂಗಳಿಗೇ ಕೈಯಲ್ಲಿದ್ದ ದುಡ್ಡು ಕರಗಿತ್ತು. ಮದುವೆಗೆ ಮುಂಚೆ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದ ವಿಮಲಾ ಯಾವುದೋ ವಕೀಲರ ಆಫೀಸು ಸೇರಿದಳು. ಬೆಳಿಗ್ಗೆ ಬನಶಂಕರಿಯ ಮನೆಯಿಂದ ಹೊರಟರೆ ಬರುವುದು ಸಂಜೆಗೆ. ಕ್ಲಾಸು ಮುಗಿಸಿ ಬಂದ ಅನಂತರಾಮು ಅವಳ ಮುಂದೆ ಕಾಗದ ಬಿಡಿಸುತ್ತಿದ್ದ.

"ನೋಡೇ, ಇದೂ ಮೊದಲ ಸಲಕ್ಕೇ ಪಾಸು."

"ನಂಗೊತ್ತಿತ್ತು," ಎನ್ನುತ್ತ ಅವಳು ನೋಯುವ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದಳು.

ಒಮ್ಮೆ ಮಾತ್ರ ಕೇಳಿದ್ದಳು. "ಅಕಸ್ಮಾತ್ ಆ ಮೆಷೀನೇ ತಪ್ಪು ಹೇಳ್ತಿದ್ರೆ?"

ಅವನು ನಕ್ಕುಬಿಟ್ಟಿದ್ದ. "ಮೆಷೀನಿಗೆ ದಾಕ್ಷಿಣ್ಯ ಇರಲ್ಲ ವಿಮಲಾ. ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ."

ಅವಳು ಒಲೆಯ ಮೇಲಿನ ಸಾರು ನೋಡಲು ಎದ್ದು ಹೋಗಿದ್ದಳು.

ಅನಂತರಾಮು ಜಯನಗರದಲ್ಲಿ ಬಸ್ಸಿಳಿದಾಗ ಹನ್ನೊಂದೂವರೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇಲ್ಲಿಯ ಮೆಷೀನು ಸರಿ ಎಂದದ್ದನ್ನು ಅಲ್ಲಿಯದು ತಪ್ಪು ಎನ್ನುತ್ತದೆ. ಎರಡರಲ್ಲಿ ಒಂದು ಕೆಟ್ಟಿರಬೇಕು. ಯಾವುದು? ಇಲ್ಲಿಯದು ಕೆಟ್ಟಿದ್ದರೆ ತಾನು ಇಷ್ಟು ದಿನ ಕಲಿತದ್ದೇನು?

ರಾಮಪ್ರಸಾದ ಒಬ್ಬರೇ ಕೂತು ಪೇಪರ್ ಓದುತ್ತಿದ್ದರು. ಇವನನ್ನು ಕಂಡು ದಡಬಡಿಸಿ ಎದ್ದರು. "ಕ್ಲಾಸು ನಾಲ್ಕು ಗಂಟೆಗಲ್ವಾ?"

"ನಾನು ಮೆಷೀನು ನೋಡಬೇಕು ಸಾರ್."

"ಇವತ್ತು ಬೇಡಿ."

"ನೋಡಲೇಬೇಕು."

ರಾಮಪ್ರಸಾದ ಬಾಗಿಲಿಗೆ ಅಡ್ಡ ನಿಂತರು. ಗದರಲಿಲ್ಲ. ದನಿ ತಗ್ಗಿಸಿ, "ಒಳಗೆ ಹೋಗಬೇಡಿ ಅನಂತರಾಮು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ," ಎಂದರು. ಒಳಗೆ ಟಕಟಕ ಸದ್ದು ನಡೆದೇ ಇತ್ತು. ಹದಿನಾಲ್ಕು ವರ್ಷ ಯಾರೆದುರಿಗೂ ದನಿಯೆತ್ತದ ಅನಂತರಾಮು ಅವರನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿ ಬಾಗಿಲು ನೂಕಿದ.

ಸದ್ದು ನಿಂತಿತು.

ಕಂಪ್ಯೂಟರ್ ಇರಲಿಲ್ಲ. ಮೂಲೆಯಲ್ಲಿ ಕೂಲರು. ನಡುವೆ ಒಂದು ಮೇಜು, ಅದರ ಮೇಲೆ ಅಗಲವಾದ ಕಾಗದ ಹಿಡಿಸುವಂಥ ದೊಡ್ಡ ಟೈಪ್‌ರೈಟರು. ಪಕ್ಕದಲ್ಲಿ ಅವನು ಶುಕ್ರವಾರ ಬರೆದುಕೊಟ್ಟ ಹಾಳೆ. ಅದರ ಸಾಲುಸಾಲಿಗೂ ರಾಮಪ್ರಸಾದರ ಕೆಂಪು ಶಾಯಿಯ ಸುತ್ತುಗಳು. ಟೈಪ್‌ರೈಟರಿನಲ್ಲಿದ್ದ ಕಾಗದದ ಮೇಲೆ ಅವನ ಹೆಸರು, ಕೆಳಗೆ ಅದೇ ಒಂದು ಸಾಲು: ನೋ ಎರರ್ಸ್. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಹೆಂಗಸು ಕೀಲಿಗಳ ಮೇಲಿಂದ ಕೈ ತೆಗೆದು ನಿಧಾನವಾಗಿ ತಿರುಗಿದಳು.

"ಮಿಕ್ಕೋರ ತಪ್ಪೆಲ್ಲ ಸಾರ್ ಗುರ್ತು ಹಾಕ್ದಂಗೇ ಟೈಪ್ ಮಾಡ್ತಿದ್ದೆ ರೀ," ಎಂದಳು ವಿಮಲಾ. "ನಿಮ್ದು ಮಾತ್ರ ನನ್ನ ಕೈಲಾಗ್ಲಿಲ್ಲ."